ಅಲ್ಲಿ ಹುಲ್ಲು ನೀರೊಳಗೆ

ನನ್ನ ಸೋದರಮಾವ ಮಂಗಳೂರಿನ ಬಂದರಿನ ಒಂದು ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ಬೇಸಿಗೆ ರಜೆಯಲ್ಲಿ ನಾನು ಅವರ ಬೆನ್ನು ಹಿಡಿದು ಹೋಗುತ್ತಿದ್ದೆ. ಮಂಡಿಯೊಳಗೆ ಕೂರುವುದು ಬೋರು. ಆದರೆ ನಾಲ್ಕು ಹೆಜ್ಜೆ ನಡೆದರೆ ಧಕ್ಕೆ. ಅಲ್ಲಿ ಲಕ್ಷದ್ವೀಪಕ್ಕೆ ಸರಕು ಹೊತ್ತು ಹೋಗುವ ಮಂಜಿಗಳು, ಅಂದರೆ ಮರದ ದೊಡ್ಡ ಹಡಗುಗಳು, ಸಾಲಾಗಿ ನಿಂತಿರುತ್ತಿದ್ದವು. ಸಿಮೆಂಟು, ಇಟ್ಟಿಗೆ, ಈರುಳ್ಳಿ ಚೀಲ, ಕೋಳಿ ಗೂಡು, ಎಲ್ಲ ಹಲಗೆಯ ಮೇಲೆ ನಡೆದು ಒಳಗೆ ಹೋಗುತ್ತಿತ್ತು. ಒಂದು ದಿನ ಬೈಹುಲ್ಲಿನ ಕಟ್ಟುಗಳನ್ನು ಹೊತ್ತು ಹೋಗುವುದು ಕಂಡೆ.

"ಮಾವ, ಹುಲ್ಲನ್ನೂ ಕಳಿಸ್ತಾರಾ? ಅಲ್ಲಿ ಹುಲ್ಲು ಇಲ್ವಾ?"

"ಉಂಟು ಮಾರಾಯ. ನೀರೊಳಗೆ ಉಂಟು."

ಮಾವ ತಮಾಷೆ ಮಾಡಿದರು ಅಂತಲೇ ಅಂದುಕೊಂಡೆ. ಅವರು ಹಾಗೆ ಮಾತಾಡುವವರೇ. ಮೂವತ್ತು ಚಿಲ್ಲರೆ ವರ್ಷ ಆದಮೇಲೆ, ಕದ್ಮತ್ ದ್ವೀಪದ ಪಡುವಣ ಬದಿಯಲ್ಲಿ ಎದೆಮಟ್ಟ ನೀರಲ್ಲಿ ಮುಖ ಮುಳುಗಿಸಿ ನೋಡುತ್ತಿದ್ದಾಗ ಆ ಮಾತು ನೆನಪಾಯಿತು. ಮಾವ ಸುಳ್ಳು ಹೇಳಿರಲಿಲ್ಲ. ಆದರೆ ನಾನು ಹೋಗುವ ಹೊತ್ತಿಗೆ ಅವರ ಮಾತು ಅರ್ಧ ಸುಳ್ಳಾಗಿತ್ತು.

ನಾನು ಅಲ್ಲಿಗೆ ಹೋದದ್ದು ಹುಲ್ಲು ನೋಡುವುದಕ್ಕಲ್ಲ. ಯಾರು ತಾನೇ ಹುಲ್ಲು ನೋಡಲು ಪರ್ಮಿಟ್ಟು ಮಾಡಿಸಿ, ಕೊಚ್ಚಿಯಿಂದ ಹಡಗು ಹತ್ತಿ, ರಾತ್ರಿಯೆಲ್ಲ ವಾಂತಿ ಮಾಡಿಕೊಂಡು ಹೋಗುತ್ತಾರೆ? ಹವಳ ನೋಡಬೇಕಿತ್ತು. ಆಮೆ ನೋಡಬೇಕಿತ್ತು. ಮಕ್ಕಳಿಗೆ ತೋರಿಸಲು ಒಳ್ಳೆಯ ನಾಲ್ಕು ಫೋಟೊ ಬೇಕಿತ್ತು.

ಕದ್ಮತ್ ಉದ್ದಕ್ಕೆ ಚಾಚಿಕೊಂಡ ದ್ವೀಪ. ಉದ್ದ ಒಂಬತ್ತು ಕಿಲೋಮೀಟರ್ ಆಸುಪಾಸು. ಅಗಲವಿರುವ ಕಡೆಯೂ ಅರ್ಧ ಕಿಲೋಮೀಟರಿಗಿಂತ ಹೆಚ್ಚೇನಿಲ್ಲ. ರಸ್ತೆಯ ನಡುವೆ ನಿಂತರೆ ಕೆಲವು ಕಡೆ ಎರಡೂ ಬದಿಯ ಕಡಲಿನ ಸದ್ದು ಕೇಳುತ್ತದೆ. ಮಂಗಳೂರಿನವರಿಗೆ ಈ ದ್ವೀಪ ಪೂರ್ತಿ ಪರಕೀಯವೂ ಅಲ್ಲ. ಅಮಿನಿ, ಕದ್ಮತ್, ಕಿಲ್ತಾನ್, ಚೆತ್ಲತ್, ಬಿತ್ರಾ, ಈ ಗುಂಪನ್ನು ಅಮಿನಿದೀವಿ ಎನ್ನುತ್ತಿದ್ದರು. 18ನೇ ಶತಮಾನದ ಕೊನೆಯಲ್ಲಿ ಇವು ಕಣ್ಣೂರಿನ ಅರಕ್ಕಲ್ ಅರಸುಮನೆತನದ ಕೈ ಬಿಟ್ಟು ಟಿಪ್ಪುವಿನ ಕಡೆ ಬಂದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕಂಪನಿಗೆ ಸೇರಿದವು. ಆಮೇಲೆ 1956ರ ನವೆಂಬರ್ 1ರವರೆಗೂ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿಯೇ ಇದ್ದವು. ಅಂದರೆ ನಮ್ಮ ರಾಜ್ಯ ಹುಟ್ಟಿದ ದಿನವೇ ಈ ದ್ವೀಪಗಳು ನಮ್ಮ ಜಿಲ್ಲೆಯಿಂದ ಬಿಟ್ಟುಹೋದವು. ಇದನ್ನು ನನಗೆ ಶಾಲೆಯಲ್ಲಿ ಯಾರೂ ಹೇಳಲಿಲ್ಲ.

ಮೊದಲ ದಿನ ಬೆಳಿಗ್ಗೆ ನನ್ನನ್ನು ದೋಣಿಯಲ್ಲಿ ಕರೆದೊಯ್ದವರು ಅರುವತ್ತು ದಾಟಿದ ಮೀನುಗಾರರು. ನಾನು ಅವರನ್ನು ಕಾಕಾ ಅಂದೆ. ನನ್ನದು ಬಂದರಿನಲ್ಲಿ ಕಲಿತ ಹರಕು ಬ್ಯಾರಿ, ಅವರದು ದ್ವೀಪದ ಜೆಸರಿ. ಮಧ್ಯದಲ್ಲೆಲ್ಲೋ ಮಲಯಾಳ. ಹೇಗೋ ನಡೆಯಿತು. ಲಗೂನು ಅಂದರೆ ದ್ವೀಪಕ್ಕೂ ಹೊರಗಿನ ಹವಳದ ದಿಬ್ಬಕ್ಕೂ ನಡುವಿನ ಆಳವಿಲ್ಲದ ಕಡಲು. ಅದರ ನೀರು ಎಷ್ಟು ತಿಳಿಯಾಗಿತ್ತೆಂದರೆ ದೋಣಿಯ ನೆರಳು ತಳದ ಮರಳಿನ ಮೇಲೆ ನಮ್ಮ ಜೊತೆಗೇ ಓಡುತ್ತಿತ್ತು. ಎಲ್ಲಿ ನೋಡಿದರೂ ಬಿಳಿ ಮರಳು. "ಎಷ್ಟು ಚಂದ!" ಅಂದೆ. ಕಾಕಾ ಮುಖ ಸಿಂಡರಿಸಿದರು.

"ಚಂದ ಅಲ್ಲ ಇದು. ಇಲ್ಲೆಲ್ಲ ಫುಲ್ಲ್ ಇತ್ತು."

ಫುಲ್ಲ್ ಅಂದರೆ? ಎರಡು ಸಲ ಕೇಳಿದ ಮೇಲೆ ತಿಳಿಯಿತು. ಹುಲ್ಲು! ಮಲಯಾಳದವರು ಪುಲ್ಲ್ ಅಂತಾರೆ. ನಮ್ಮ ಹಳಗನ್ನಡದಲ್ಲೂ ಅದು ಪುಲ್. ಜೆಸರಿಯಲ್ಲಿ ಮಾತಿನ ಮೊದಲ ಪಕಾರ ಫಕಾರದ ಹಾಗೆ ಉಸಿರು ಬಿಟ್ಟುಕೊಂಡು ಬರುತ್ತದೆ. ಪಕಾರ ಹಕಾರಕ್ಕೆ ಹೋಗುವ ದಾರಿಯಲ್ಲಿ ನಡುವೆ ಇಂಥದ್ದೊಂದು ನಿಲ್ದಾಣ ಇದ್ದಿರಬೇಕು ಅಂತ ನನಗನ್ನಿಸಿತು. ಭಾಷಾತಜ್ಞರು ಬೈಯಬಾರದು, ಇದು ದೋಣಿಯಲ್ಲಿ ಕೂತು ಮಾಡಿದ ಸಂಶೋಧನೆ.

ಕಾಕಾ ದೋಣಿ ನಿಲ್ಲಿಸಿ ಒಂದು ಕಡೆ ಕೈ ತೋರಿಸಿದರು. ಅಲ್ಲಿ ಇಳಿದು ಮುಖ ಮುಳುಗಿಸಿದೆ. ತಳದಲ್ಲಿ ಒಂದು ಚಾಪೆಯಷ್ಟು ಜಾಗದಲ್ಲಿ ಹಸಿರು ಮೋಟು. ಎರಡು ಬೆರಳಿನಷ್ಟು ಎತ್ತರ. ದನ ಮೇಯ್ದು ಹೋದ ಗದ್ದೆಬದುವಿನ ಹಾಗೆ ಮಟ್ಟಸ. ನನಗೆ ಏನೂ ಅನ್ನಿಸಲಿಲ್ಲ. ನಿಜ ಹೇಳಬೇಕೆಂದರೆ, ಇಷ್ಟು ತೋರಿಸಲು ದೋಣಿ ನಿಲ್ಲಿಸಿದರಲ್ಲ ಅಂತ ಸ್ವಲ್ಪ ಬೇಸರವೇ ಆಯಿತು.

ಅದರ ಹೆಸರು ಥಲಾಸಿಯಾ ಹೆಂಪ್ರಿಚೀ.

ಊರಿಗೆ ಬಂದಮೇಲೆ ತಿಂಗಳುಗಟ್ಟಲೆ ಇದರ ಬಗ್ಗೆಯೇ ಓದಿದೆ. ಕಂಡ ಎರಡು ಬೆರಳು ಹುಲ್ಲಿಗೆ ಇಷ್ಟು ತಲೆ ಕೆಡಿಸಿಕೊಳ್ಳಬೇಕಾ ಅಂತ ಹೆಂಡತಿ ಕೇಳಿದಳು. ಕೇಳುವಂಥದ್ದೇ.

ಮೊದಲನೆಯದಾಗಿ, ಇದು ಹುಲ್ಲೇ ಅಲ್ಲ. ಗರಿಕೆ, ಭತ್ತ, ಜೋಳದ ಬಳಗಕ್ಕೂ ಇದಕ್ಕೂ ಸಂಬಂಧ ದೂರದ್ದು. ಇದರ ಹತ್ತಿರದ ನೆಂಟ ಯಾರು ಗೊತ್ತಾ? ಹೈಡ್ರಿಲ್ಲಾ. ಪಿಯುಸಿಯಲ್ಲಿ ಸೈನ್ಸ್ ಓದಿದವರಿಗೆ ನೆನಪಿರಬೇಕು. ಬೀಕರಿನ ನೀರಲ್ಲಿ ಹೈಡ್ರಿಲ್ಲಾ ರೆಂಬೆ ಇಟ್ಟು, ಮೇಲೆ ಆಲಿಕೆ ಬೋರಲು ಹಾಕಿ, ಅದರ ಮೇಲೆ ನೀರು ತುಂಬಿದ ಪ್ರನಾಳ. ಬಿಸಿಲಿಗಿಟ್ಟರೆ ಗುಳ್ಳೆ ಏಳುತ್ತಿತ್ತು. ಆ ಗುಳ್ಳೆ ಎಣಿಸಿ ರೆಕಾರ್ಡಿನಲ್ಲಿ ಬರೆಯಬೇಕಿತ್ತು. ನಾನು ಪಕ್ಕದವನ ಲೆಕ್ಕ ನೋಡಿ ಬರೆದಿದ್ದೆ. ನಮ್ಮ ಕೆರೆಗಳಲ್ಲಿ ಕಸದಂತೆ ಬೆಳೆಯುವ ಆ ಗಿಡದ ಕುಟುಂಬದಲ್ಲೇ ಈ ಥಲಾಸಿಯಾ ಕೂಡ ಇದೆ. ಒಬ್ಬ ಕೆರೆಯಲ್ಲಿ ಉಳಿದ, ಇನ್ನೊಬ್ಬ ಕಡಲಿಗೆ ಹೋದ. ಮಧ್ಯಾಹ್ನದ ಬಿಸಿಲಲ್ಲಿ ಲಗೂನಿನ ಹುಲ್ಲಿನಿಂದಲೂ ಅದೇ ಗುಳ್ಳೆ ಸರ ಕಟ್ಟಿ ಮೇಲೇಳುತ್ತದೆ. ಪ್ರನಾಳ ಇಲ್ಲ ಅಷ್ಟೇ.

ಪಾಚಿಯನ್ನೂ ಇದನ್ನೂ ಒಂದೇ ಅಂದುಕೊಳ್ಳುವವರು ಜಾಸ್ತಿ. ಪಾಚಿಗೆ ಬೇರಿಲ್ಲ, ಹೂವಿಲ್ಲ. ಇದಕ್ಕೆ ಬೇರಿದೆ, ಕಾಂಡವಿದೆ, ಎಲೆಯಿದೆ, ಹೂ, ಕಾಯಿ, ಬೀಜ ಎಲ್ಲ ಇವೆ. ನೆಲದ ಮೇಲೆ ಬದುಕಿದ್ದ ಹೂಗಿಡಗಳಲ್ಲಿ ಕೆಲವು ಕೋಟ್ಯಂತರ ವರ್ಷಗಳ ಹಿಂದೆ ಮತ್ತೆ ಕಡಲಿಗೆ ಇಳಿದವು. ಒಂದೇ ಸಲ ಅಲ್ಲ, ಬೇರೆ ಬೇರೆ ಕುಟುಂಬಗಳು ಬೇರೆ ಬೇರೆ ಹೊತ್ತಲ್ಲಿ. ಹಾಗೆ ಇಳಿದು ನಿಂತವು ಜಗತ್ತಿನಲ್ಲಿ ಎಪ್ಪತ್ತರ ಆಸುಪಾಸು ಜಾತಿ ಅಷ್ಟೇ. ನೆಲದ ಮೇಲಿನ ಹೂಗಿಡಗಳು ಲಕ್ಷಗಟ್ಟಲೆ ಇರುವಾಗ ಎಪ್ಪತ್ತು ಅಂದರೆ ಏನೂ ಅಲ್ಲ. ಉಪ್ಪು ನೀರಲ್ಲಿ ಪೂರ್ತಿ ಮುಳುಗಿ ಸಂಸಾರ ಮಾಡುವುದು ಸುಲಭದ ಕೆಲಸವಲ್ಲ ಅಂತ ಇದರಿಂದಲೇ ಗೊತ್ತಾಗುತ್ತದೆ.

ಹಾಗೆ ಇಳಿಯುವಾಗ ಏನೇನು ಬಿಟ್ಟುಕೊಟ್ಟವು ನೋಡಿ. ನೆಲದ ಗಿಡದ ಎಲೆಯಲ್ಲಿ ಪತ್ರರಂಧ್ರ ಇರುತ್ತದೆ. ಗಾಳಿ ಒಳಗೆ ಬರುವುದು, ನೀರಾವಿ ಹೊರಗೆ ಹೋಗುವುದು ಅದರಲ್ಲೇ. ಕಡಲಹುಲ್ಲಿಗೆ ಅದಿಲ್ಲ. ನೀರಲ್ಲಿ ಮುಳುಗಿದವನಿಗೆ ಕಿಟಕಿ ಯಾಕೆ? ಥಲಾಸಿಯಾದ ದೂರದ ಜೊತೆಗಾರ ಜೋಸ್ಟೆರಾ ಮರಿನಾ ಎಂಬ ಹುಲ್ಲಿನ ಜೀನೋಮನ್ನು 2016ರಲ್ಲಿ ಓದಿ ನೋಡಿದಾಗ, ಆ ಕಿಟಕಿ ಕಟ್ಟುವ ಜೀನುಗಳೇ ಅಳಿಸಿಹೋಗಿದ್ದವು. ಮನೆ ಮಾರಿ ಹೊರಟವರು ಬೀಗದ ಕೈಯನ್ನೂ ಕೊಟ್ಟುಬಿಟ್ಟ ಹಾಗೆ. ಎಲೆಯ ಮೇಲಿನ ಮೇಣದ ಪದರವೂ ತೆಳ್ಳಗಾಗಿದೆ. ಇಂಗಾಲವನ್ನು ನೀರಲ್ಲಿ ಕರಗಿದ ಬೈಕಾರ್ಬನೇಟಿನಿಂದಲೂ ಎಳೆದುಕೊಳ್ಳುತ್ತದೆ. ಹಸಿರು ಕಣಗಳು ಎಲೆಯ ಹೊರಪದರದಲ್ಲೇ ಕೂತಿವೆ, ಬೆಳಕಿಗೆ ಆದಷ್ಟು ಹತ್ತಿರ.

ಬೆಳಕು ಅಂದರೆ ಇವಕ್ಕೆ ಪ್ರಾಣ. ತಳಕ್ಕೆ ಮುಟ್ಟುವ ಬೆಳಕು ಮೇಲಿನದರ ಹತ್ತನೇ ಒಂದು ಪಾಲಾದರೂ ಇರಬೇಕು, ಹೆಚ್ಚುಕಡಿಮೆ. ಪಾಚಿ ಅದಕ್ಕಿಂತ ಎಷ್ಟೋ ಕಡಿಮೆಯಲ್ಲಿ ಸುಧಾರಿಸಿಕೊಳ್ಳುತ್ತದೆ. ಹುಲ್ಲಿಗೆ ಆಗಲ್ಲ, ಅದಕ್ಕೆ ಮಣ್ಣೊಳಗಿನ ಕಾಂಡವನ್ನೂ ಬೇರನ್ನೂ ಸಾಕಬೇಕು. ನಮ್ಮ ಪಣಂಬೂರು, ಉಳ್ಳಾಲದ ಕಡಲತಡಿಯಲ್ಲಿ ನಿಂತು ನೋಡಿ. ಮಳೆಗಾಲದಲ್ಲಿ ನೇತ್ರಾವತಿ ತಂದು ಸುರಿಯುವ ಕೆಂಪು ನೀರು, ಆ ಅಲೆಯ ಹೊಡೆತ. ಅಲ್ಲಿ ಥಲಾಸಿಯಾ ನಿಲ್ಲುವ ಮಾತೇ ಇಲ್ಲ. ಲಗೂನಿನಲ್ಲಿ ಹಾಗಲ್ಲ. ಹೊರಗೆ ಹವಳದ ದಿಬ್ಬ ಅಲೆಯನ್ನು ತಡೆಯುತ್ತದೆ. ಒಳಗೆ ನದಿಯಿಲ್ಲ, ಕೆಸರಿಲ್ಲ. ಗಾಜಿನಂಥ ನೀರು, ಆಳ ಕಡಿಮೆ, ಹವಳ ಪುಡಿಯಾದ ಮರಳು. ಹವಳದ ಚೂರುಗಳ ನಡುವೆಯೂ ಇದು ಬೇರಿಳಿಸುತ್ತದೆ. ಕೆಂಪು ಸಮುದ್ರದಿಂದ ಹಿಡಿದು ಪಶ್ಚಿಮ ಪೆಸಿಫಿಕ್‌ವರೆಗೂ ಇಂಥ ಜಾಗ ಸಿಕ್ಕ ಕಡೆಯೆಲ್ಲ ಇದು ಇದೆ. ಇಳಿತದಲ್ಲಿ ತುಸುವೇ ನೀರು ಉಳಿಯುವ ಜಾಗದಿಂದ ನಾಲ್ಕೈದು ಮೀಟರ್ ಆಳದವರೆಗೆ ಇದರ ಸಾಮ್ರಾಜ್ಯ.

ಹೆಂಪ್ರಿಚ್ ಯಾರು ಅಂತಲೂ ಹುಡುಕಿದೆ. ವಿಲ್ಹೆಲ್ಮ್ ಹೆಂಪ್ರಿಚ್, ಜರ್ಮನಿಯವನು. ಎಹ್ರೆನ್‌ಬರ್ಗ್ ಎಂಬ ಗೆಳೆಯನ ಜೊತೆ 1820ರಲ್ಲಿ ಈಜಿಪ್ಟ್, ಕೆಂಪು ಸಮುದ್ರದ ಕಡೆ ಹೊರಟ. ಗಿಡ, ಮೀನು, ಹಕ್ಕಿ, ಕಂಡದ್ದೆಲ್ಲ ಸಂಗ್ರಹಿಸಿದರು. 1825ರಲ್ಲಿ ಕೆಂಪು ಸಮುದ್ರದ ಮಸಾವಾ ಬಂದರಿನಲ್ಲಿ ಜ್ವರ ಬಂದು ಹೆಂಪ್ರಿಚ್ ತೀರಿಕೊಂಡ. ಇಪ್ಪತ್ತೊಂಬತ್ತು ವರ್ಷ. ಗೆಳೆಯ ಊರಿಗೆ ಹೋಗಿ ಈ ಹುಲ್ಲಿಗೆ ಅವನ ಹೆಸರಿಟ್ಟ. ಒಂದು ಕಡಲಕಾಗೆಗೂ ಅವನ ಹೆಸರಿದೆ. ಹಕ್ಕಿಯನ್ನು ಜನ ನೋಡುತ್ತಾರೆ, ಹೆಸರು ಕೇಳುತ್ತಾರೆ. ಹುಲ್ಲಿನ ಹೆಸರು ಕೇಳುವವರು ಯಾರು?

ಎರಡನೇ ದಿನ ಇಳಿತದ ಹೊತ್ತಿಗೆ ನಾನೊಬ್ಬನೇ ದಡದುದ್ದಕ್ಕೂ ನಡೆದೆ. ಅಲೆ ತಂದು ಬಿಟ್ಟ ಕಸದ ಗೆರೆಯಲ್ಲಿ ಒಣಗಿದ ಎಲೆಗಳು, ತೆಂಗಿನ ಚಿಪ್ಪು, ಚಪ್ಪಲಿ. ಅದರ ನಡುವೆ ಒಂದು ಗಂಟುಗಂಟಿನ ಕಡ್ಡಿ ಸಿಕ್ಕಿತು. ಎತ್ತಿ ನೋಡಿದರೆ ಥೇಟ್ ಬಜೆ! ಮಗುವಿಗೆ ತೇಯ್ದು ನಾಲಿಗೆಗೆ ಹಚ್ಚುವ ಬಜೆಯ ಬೇರಿನ ಮೇಲೆ ಅಡ್ಡಡ್ಡ ಗೆರೆ ಇರುತ್ತಲ್ಲ, ಹಾಗೆಯೇ. ಅದನ್ನು ಕಿಸೆಯಲ್ಲಿ ಹಾಕಿಕೊಂಡೆ.

ಥಲಾಸಿಯಾದ ನಿಜವಾದ ಗಿಡ ಇರುವುದು ಮರಳಿನ ಕೆಳಗೆ. ಗರಿಕೆ ಹಬ್ಬುವ ಹಾಗೆ ಅದರ ಕಾಂಡ ಮರಳೊಳಗೆ ಅಡ್ಡಕ್ಕೆ ಹೋಗುತ್ತದೆ. ನಡುನಡುವೆ ನೆಟ್ಟಗೆ ಒಂದು ಕಿರುಕಾಂಡ ಮೇಲೇಳುತ್ತದೆ. ಅದರ ತುದಿಯಲ್ಲಿ ಎರಡರಿಂದ ಐದಾರು ಎಲೆ. ಕುಡುಗೋಲಿನ ಹಾಗೆ ಸ್ವಲ್ಪ ಬಾಗಿದ ಪಟ್ಟಿ, ಅರ್ಧದಿಂದ ಒಂದು ಸೆಂಟಿಮೀಟರ್ ಅಗಲ. ಬೆಳಕಿಗೆ ಹಿಡಿದರೆ ಚಿಕ್ಕ ಚಿಕ್ಕ ಕಂದು ಗೆರೆ ಕಾಣುತ್ತವೆ, ಅವು ಒಗರಿನ ಕೋಶಗಳು. ಚಹಾದಲ್ಲಿರುವ ಟ್ಯಾನಿನ್ನೇ. ನಮ್ಮಲ್ಲಿನ ಕಡಲಹುಲ್ಲುಗಳಲ್ಲಿ ಇದನ್ನು ಗುರುತಿಸಲು ಈ ಬಾಗು, ಈ ಗೆರೆ, ದಪ್ಪ ಕಾಂಡ, ಇಷ್ಟು ಸಾಕು. ಪಕ್ಕದಲ್ಲೇ ಬೆಳೆಯುವ ಸೈಮೊಡೋಸಿಯಾ ಇದಕ್ಕಿಂತ ತೆಳ್ಳಗೆ, ನೆಟ್ಟಗೆ. ಹ್ಯಾಲೊಫಿಲಾ ಅಂತೂ ಒಂದೆಲಗದ ತಂಗಿಯ ಹಾಗೆ ಪುಟ್ಟ ದುಂಡೆಲೆ.

ಎಲೆ ಬೆಳೆಯುವುದು ತುದಿಯಿಂದಲ್ಲ, ಬುಡದಿಂದ. ಇದು ದೊಡ್ಡ ಉಪಾಯ. ತುದಿಯಲ್ಲಿ ಪಾಚಿ, ಸುಣ್ಣದ ಹುಳು, ಏನೇನೋ ಕೂತು ಬಿಳಿಚಿಕೊಳ್ಳುತ್ತದೆ. ಬುಡದಿಂದ ಹೊಸ ಭಾಗ ಬರುತ್ತಲೇ ಇರುತ್ತದೆ. ಯಾರಾದರೂ ತುದಿ ಕಚ್ಚಿಕೊಂಡು ಹೋದರೂ ನಷ್ಟವಿಲ್ಲ. ಹತ್ತು ದಿನಕ್ಕೊಂದು ಎಲೆಯ ಲೆಕ್ಕದಲ್ಲಿ ಹೊಸದು ಬಂದು, ಹಳೆಯದು ಉದುರುತ್ತದೆ. ಪ್ರತಿ ಎಲೆ ಉದುರಿದಾಗ ಕಿರುಕಾಂಡದ ಮೇಲೆ ಬಳೆಯಂಥ ಒಂದು ಗುರುತು ಉಳಿಯುತ್ತದೆ. ನನ್ನ ಕಿಸೆಯಲ್ಲಿದ್ದ ಕಡ್ಡಿಯ ಗೆರೆಗಳು ಅವೇ. ವಿಜ್ಞಾನಿಗಳು ಈ ಗುರುತು ಎಣಿಸಿಯೇ ಗಿಡದ ವಯಸ್ಸು ಹೇಳುತ್ತಾರೆ. ಎರಡು ಗುರುತಿನ ನಡುವೆ ಅಂತರ ಜಾಸ್ತಿ ಇದ್ದರೆ ಆಗ ಗಿಡಕ್ಕೆ ಒಳ್ಳೆಯ ಕಾಲ. ಒತ್ತೊತ್ತಾಗಿದ್ದರೆ ಕಷ್ಟಕಾಲ. ಅಂಚೆಕಚೇರಿಯ ಪಾಸ್‌ಬುಕ್ಕಿನ ಹಾಗೆ, ಬಂದದ್ದು ಹೋದದ್ದು ಎಲ್ಲ ಅಲ್ಲೇ ನಮೂದಾಗಿರುತ್ತದೆ.

ಮರಳ ಕೆಳಗೆ ಇನ್ನೊಂದು ತೊಂದರೆ ಇದೆ. ಅಲ್ಲಿ ಆಮ್ಲಜನಕ ಇರುವುದಿಲ್ಲ. ಕೊಳೆತ ಮೊಟ್ಟೆಯ ವಾಸನೆಯ ಸಲ್ಫೈಡ್ ಇರುತ್ತದೆ, ಬೇರಿಗೆ ಅದು ವಿಷ. ಹಾಗಾಗಿ ಎಲೆಯಿಂದ ಬೇರಿನವರೆಗೂ ಗಾಳಿಯ ಕೊಳವೆಗಳಿವೆ. ಹಗಲಲ್ಲಿ ಎಲೆ ತಯಾರಿಸಿದ ಆಮ್ಲಜನಕ ಕೆಳಗಿಳಿದು, ಬೇರಿನಿಂದ ಸ್ವಲ್ಪ ಹೊರಗೂ ಸೋರಿ, ಸುತ್ತಲಿನ ವಿಷ ಕಳೆಯುತ್ತದೆ. ಅಂದರೆ ಎಲೆ ಅಡುಗೆಮನೆ ಮಾತ್ರ ಅಲ್ಲ, ಮೂಗೂ ಹೌದು. ಈ ಮಾತು ನೆನಪಿಟ್ಟುಕೊಳ್ಳಿ, ಆಮೆಯ ಕತೆ ಬರುವಾಗ ಬೇಕಾಗುತ್ತದೆ.

ಇನ್ನು ಹೂವು. ನನಗೆ ಅತ್ಯಂತ ಇಷ್ಟವಾದ ಭಾಗ ಇದು, ಆದರೆ ನಾನು ಕಣ್ಣಾರೆ ನೋಡಿಲ್ಲ. ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಹೂವು ಎಲೆಗಳ ಬುಡದಲ್ಲಿ ಅಡಗಿರುತ್ತದೆ. ಬಣ್ಣ, ಪರಿಮಳದ ಆಡಂಬರ ಇಲ್ಲ, ನೀರೊಳಗೆ ಯಾರಿಗೆ ತೋರಿಸಬೇಕು? ಪರಾಗ ಪುಡಿಯಾಗಿ ಹಾರುವ ಬದಲು ಲೋಳೆಯಲ್ಲಿ ಪೋಣಿಸಿಕೊಂಡ ಎಳೆಯಾಗಿ ನೀರಲ್ಲಿ ತೇಲುತ್ತಾ ಹೋಗಿ ಹೆಣ್ಣು ಹೂವಿನ ಕುಚ್ಚಿಗೆ ತಗಲಿಕೊಳ್ಳಬೇಕು. ಎಲ್ಲ ನೀರಿನ ದಯೆ ಅಂತಲೇ ಬಹಳ ಕಾಲ ನಂಬಿದ್ದರು. ಥಲಾಸಿಯಾ ಕುಲದಲ್ಲಿ ಇರುವುದು ಎರಡೇ ಜಾತಿ. ನಮ್ಮದು ಒಂದು, ಕೆರಿಬಿಯನ್ ಕಡೆಯದು ಇನ್ನೊಂದು. ಆ ಕೆರಿಬಿಯನ್ ಸೋದರಿಯ ಮೇಲೆ ಮೆಕ್ಸಿಕೋದಲ್ಲಿ ಪ್ರಯೋಗ ಮಾಡಿ 2016ರಲ್ಲಿ ಒಂದು ವಿಷಯ ಪ್ರಕಟಿಸಿದರು. ಸಿಗಡಿಮರಿಯಂಥ ಸಣ್ಣ ಜೀವಿಗಳು, ಹುಳುಗಳು ರಾತ್ರಿ ಹೊತ್ತು ಗಂಡು ಹೂವಿನ ಲೋಳೆ ತಿನ್ನಲು ಬಂದು, ಮೈಗೆ ಪರಾಗ ಮೆತ್ತಿಕೊಂಡು ಹೆಣ್ಣು ಹೂವಿಗೂ ಹೋಗುತ್ತವೆ. ಕಡಲಿನಲ್ಲೂ ದುಂಬಿ! ಇದನ್ನು ಓದಿದ ರಾತ್ರಿ ಯಾರಿಗಾದರೂ ಹೇಳದೆ ನಿದ್ದೆ ಬರಲಿಲ್ಲ. ಮಾವನಿಗೆ ಫೋನ್ ಮಾಡಿದೆ. "ಹತ್ತೂವರೆ ಆಯ್ತು ಮಾರಾಯ" ಅಂದರು.

ಕಾಯಿ ಬಲಿತರೆ ಕಳಚಿಕೊಂಡು ಕೆಲವು ದಿನ ತೇಲುತ್ತದೆ. ಆಮೇಲೆ ಸಿಪ್ಪೆ ನಕ್ಷತ್ರದ ಹಾಗೆ ಬಿರಿದು ಬೀಜ ತಳಕ್ಕೆ ಬೀಳುತ್ತದೆ. ಭತ್ತದ ಹಾಗೆ ಕಣಜದಲ್ಲಿ ಕಾಯುವ ಬೀಜವಲ್ಲ ಇದು. ಬಿದ್ದ ಕೂಡಲೇ ಮೊಳೆಯಬೇಕು, ಇಲ್ಲವೇ ಸಾಯಬೇಕು. ಮಣ್ಣಲ್ಲಿ ಬೀಜದ ಗಂಟು ಇಟ್ಟುಕೊಂಡು ಒಳ್ಳೆಯ ದಿನಕ್ಕೆ ಕಾಯುವ ಅಭ್ಯಾಸ ಇದಕ್ಕಿಲ್ಲ.

ಈಗ ಆಮೆ.

ಮೂರನೇ ದಿನ ನನಗೆ ಆಮೆ ಸಿಕ್ಕಿತು. ಹಸಿರಾಮೆ. ದೋಣಿಯ ಕೆಳಗೇ ಹಾದುಹೋಯಿತು, ನನ್ನ ಊಟದ ಮೇಜಿನಷ್ಟು ದೊಡ್ಡದು, ಅವಸರವೇ ಇಲ್ಲ. ಒಂದು ಸಲ ಮೇಲೆ ಬಂದು ಬುಸ್ ಅಂತ ಉಸಿರು ಬಿಟ್ಟು ಮತ್ತೆ ಮುಳುಗಿತು. ಫೋಟೊ ಬರಲಿಲ್ಲ, ಕೈ ನಡುಗಿತ್ತು. "ಆಮ" ಅಂದರು ಕಾಕಾ. ನಾನು ಕುಣಿಯುವುದೊಂದು ಬಾಕಿ. ಅವರು ಮಾತ್ರ, ತೋಟಕ್ಕೆ ನುಗ್ಗಿದ ಆನೆ ನೋಡುವ ಮಲೆನಾಡಿನ ರೈತನ ಮುಖ ಮಾಡಿಕೊಂಡು ಕೂತಿದ್ದರು.

ಮರಿಯಾಗಿದ್ದಾಗ ಹಸಿರಾಮೆ ಸಿಕ್ಕಿದ್ದೆಲ್ಲ ತಿನ್ನುತ್ತದೆ. ದೊಡ್ಡದಾದ ಮೇಲೆ ಅದರ ಮುಖ್ಯ ಊಟ ಕಡಲಹುಲ್ಲು. ಕೆರಿಬಿಯನ್ ಥಲಾಸಿಯಾಕ್ಕೆ ಆಮೆಯ ಹೆಸರನ್ನೇ ಇಟ್ಟಿದ್ದಾರೆ. ಒಂದೇ ಜಾಗವನ್ನು ಮತ್ತೆ ಮತ್ತೆ ಮೇಯುವುದು ಅದರ ಪದ್ಧತಿ. ಯಾಕೆಂದರೆ ಹೊಸ ಚಿಗುರು ಮೆತ್ತಗೆ, ಸತ್ವ ಜಾಸ್ತಿ. ಎಲೆಯನ್ನು ಬುಡದ ಹತ್ತಿರ ಕಚ್ಚುತ್ತದೆ. ಹತ್ತಾರು ಆಮೆ ಇದ್ದರೆ ಹುಲ್ಲಿಗೆ ಇದೇನೂ ದೊಡ್ಡದಲ್ಲ, ಬುಡದಿಂದ ಬೆಳೆಯುವ ಉಪಾಯ ಇದೆಯಲ್ಲ. ಆದರೆ ಚೇತರಿಸಿಕೊಳ್ಳಲು ಪುರಸೊತ್ತೇ ಕೊಡದ ಹಾಗೆ ಮೇಯ್ದರೆ? ಎಲೆ ಗಿಡ್ಡವಾಗುತ್ತದೆ, ಸಪೂರವಾಗುತ್ತದೆ. ಅಡುಗೆ ಕಡಿಮೆ. ಕಾಂಡದಲ್ಲಿ ಕೂಡಿಟ್ಟ ಪಿಷ್ಟ ಖರ್ಚಾಗುತ್ತದೆ. ಮೂಗು ಕತ್ತರಿಸಿದ್ದರಿಂದ ಬೇರಿಗೆ ಗಾಳಿ ಇಳಿಯುವುದೂ ಕಡಿಮೆ. ಹೂ ಬಿಡುವುದು ನಿಲ್ಲುತ್ತದೆ. ಅಡ್ಡಕಾಂಡ ಹಬ್ಬುವುದೇ ವರ್ಷಕ್ಕೆ ಅರ್ಧ ಮೀಟರ್ ಆಸುಪಾಸು, ಹಾಗಾಗಿ ಕಳೆದುಕೊಂಡ ಜಾಗ ಬೇಗ ವಾಪಸು ಬರಲ್ಲ. ಬೀಜದ ಗಂಟಂತೂ ಇಲ್ಲವೇ ಇಲ್ಲ.

ಲಕ್ಷದ್ವೀಪದಲ್ಲಿ ಆದದ್ದು ಇದೇ. ಇದನ್ನು ವರ್ಷಗಟ್ಟಲೆ ಕೂತು ದಾಖಲಿಸಿದವರು ನಮ್ಮ ಮೈಸೂರಿನಲ್ಲಿ ಕಚೇರಿ ಇರುವ ನೇಚರ್ ಕನ್ಸರ್ವೇಷನ್ ಫೌಂಡೇಷನ್ನಿನ ರೋಹನ್ ಆರ್ಥರ್ ಮತ್ತು ಅವರ ಜೊತೆಗಾರರು. ಬೆಟ್ಟ, ಕಾಡಿನ ನಡುವಿನ ಮೈಸೂರಿನಿಂದ ಹೋಗಿ ಕಡಲತಳದ ಹುಲ್ಲು ಅಳೆದರು ಅನ್ನುವುದು ನನಗೆ ಈಗಲೂ ಖುಷಿ ಕೊಡುವ ವಿಷಯ. ಮೊದಲು ಅಗತ್ತಿ ದ್ವೀಪದ ಲಗೂನಿನಲ್ಲಿ ಆಮೆಗಳು ದಟ್ಟವಾಗಿ ಸೇರಿದವು. ಸಂಶೋಧಕರು ಹುಲ್ಲಿನ ಕೆಲವು ಚೌಕಗಳಿಗೆ ಬಲೆಯ ಗೂಡು ಹಾಕಿ ನೋಡಿದರು. ಗೂಡಿನೊಳಗಿನ ಹುಲ್ಲು ಉದ್ದಕ್ಕೆ ಎದ್ದಿತು, ಹೊರಗಿನದು ಮೋಟಾಗಿಯೇ ಉಳಿಯಿತು. ನಿಧಾನ ಬೆಳೆಯುವ ಥಲಾಸಿಯಾ ಹಿಂದೆ ಸರಿದು, ಬೇಗ ಬೆಳೆಯುವ ಸೈಮೊಡೋಸಿಯಾ ಮುಂದೆ ಬಂತು. ಅಲ್ಲಿ ಹುಲ್ಲು ತೆಳುವಾದ ಮೇಲೆ ಆಮೆಗಳು ಬೇರೆ ದ್ವೀಪದ ಲಗೂನಿಗೆ ಹೋದವು. ಅಲ್ಲೂ ಅದೇ ಕತೆ. 2021ರಲ್ಲಿ ಬಂದ ಅವರ ಪ್ರಬಂಧ ಹೇಳುವುದು, ಹೀಗೆ ಒಂದಾದ ಮೇಲೊಂದು ಲಗೂನಿನಲ್ಲಿ ಹುಲ್ಲುಗಾವಲು ಹೆಸರಿಗೆ ಮಾತ್ರ ಉಳಿದಿದೆ ಅಂತ.

ಆಮೆ ಎಲ್ಲಿಂದ ಇಷ್ಟು ಬಂತು? ಕಾಕಾನ ತಂದೆಯ ಕಾಲದಲ್ಲಿ ಮರದ ದೋಣಿಗೆ ಆಮೆ ಕೊಬ್ಬಿನ ಎಣ್ಣೆ ಹಚ್ಚುತ್ತಿದ್ದರಂತೆ, ನೀರು ಹಿಡಿಯಬಾರದು ಅಂತ. ಈಗ ಫೈಬರ್ ದೋಣಿ, ಎಣ್ಣೆ ಯಾರಿಗೂ ಬೇಡ. 1972ರ ವನ್ಯಜೀವಿ ಕಾಯ್ದೆ ಬಂದು ಹಸಿರಾಮೆ ಅದರ ಮೊದಲ ಪಟ್ಟಿಯಲ್ಲಿ ಸೇರಿತು. ಒಂದು ಹಸಿರಾಮೆ ಮೊಟ್ಟೆ ಇಡುವ ವಯಸ್ಸಿಗೆ ಬರಲು ಇಪ್ಪತ್ತೈದು, ಮೂವತ್ತು ವರ್ಷ ಬೇಕು. ಎಪ್ಪತ್ತರ ದಶಕಕ್ಕೆ ಮೂವತ್ತು ಕೂಡಿಸಿ. ಆಮೆಗಳು ಹೆಚ್ಚಿದ ಕಾಲಕ್ಕೆ ಬಂದು ನಿಲ್ಲುತ್ತೀರಿ. ಇದು ನನ್ನ ಬೆರಳೆಣಿಕೆಯ ಲೆಕ್ಕ, ಪೂರ್ತಿ ಉತ್ತರವಲ್ಲ. ಆಮೆಯನ್ನು ತಿನ್ನುವ, ಅದಕ್ಕಿಂತ ಹೆಚ್ಚಾಗಿ ಆಮೆಗೆ ಹೆದರಿಕೆ ಹುಟ್ಟಿಸುವ ದೊಡ್ಡ ಶಾರ್ಕುಗಳು ಎಲ್ಲ ಕಡಲಲ್ಲೂ ಕಡಿಮೆಯಾಗಿವೆ. ಆಸ್ಟ್ರೇಲಿಯಾದ ಶಾರ್ಕ್ ಬೇ ಎಂಬಲ್ಲಿ ಹುಲಿಶಾರ್ಕುಗಳು ಓಡಾಡುವ ಜಾಗದಲ್ಲಿ ಆಮೆ ನಿಶ್ಚಿಂತೆಯಿಂದ ಮೇಯುವುದಿಲ್ಲ ಅಂತ ಅಲ್ಲಿನವರು ತೋರಿಸಿದ್ದಾರೆ. ಲಕ್ಷದ್ವೀಪದ ಲಗೂನಿನಲ್ಲಿ ಆಮೆಗೆ ಯಾರ ಹೆದರಿಕೆ?

ಹುಲ್ಲು ಹೋದರೆ ಕಾಕಾನಿಗೇನು? ಮೊದಲು ನನಗೂ ಇದು ಅರ್ಥವಾಗಲಿಲ್ಲ. ದ್ವೀಪದವರ ದೊಡ್ಡ ಮೀನುಗಾರಿಕೆ ಟ್ಯೂನಾದ್ದು, ಅವರು ಅದಕ್ಕೆ ಚೂರ ಅಂತಾರೆ. ಅದು ಹೊರಗಡಲಲ್ಲಿ, ಗಾಳ ಹಾಕಿ ಹಿಡಿಯುವುದು. ಅದಕ್ಕೆ ಎರಚುವ ಜೀವಂತ ಮರಿಮೀನು ಮಾತ್ರ ಲಗೂನಿನದು. ಚೂರ ಮಾರಾಟಕ್ಕೆ. ಆದರೆ ಮಳೆಗಾಲದಲ್ಲಿ, ಹೊರಗೆ ಹೋಗಲಾಗದ ದಿನಗಳಲ್ಲಿ, ಮನೆಯ ಸಾರಿಗೆ ಮೀನು ಬರಬೇಕಾದ್ದು ಲಗೂನಿನಿಂದಲೇ. ಆ ಮೀನುಗಳಲ್ಲಿ ಎಷ್ಟೋ ಹುಲ್ಲಿನ ಮರೆಯಲ್ಲಿ ಬೆಳೆಯುವಂಥವು. ಹುಲ್ಲು ಮೊಣಕಾಲೆತ್ತರ ಇದ್ದಾಗ ಮರಿಗಳಿಗೆ ಅದು ಬೇಲಿಯೂ ಹೌದು, ಅಂಗನವಾಡಿಯೂ ಹೌದು. ಮೋಟಾದರೆ ಎರಡೂ ಇಲ್ಲ. ಬಲೆಗೆ ಮೀನು ಕಡಿಮೆಯಾದದ್ದಕ್ಕೆ ಅಗತ್ತಿಯ ಮೀನುಗಾರರು ಆಮೆಯನ್ನು ಬೈದಾಗ, ಹೊರಗಿನವರಿಗೆ ಅದು ಅಜ್ಞಾನದಂತೆ ಕೇಳಿಸಿತ್ತು. ಅಳೆದು ನೋಡಿದರೆ ಅವರ ಮಾತಿನಲ್ಲಿ ಹುರುಳಿತ್ತು.

ಈಗಿನ ಕಾಲದಲ್ಲಿ ಇಂಗಾಲದ ಲೆಕ್ಕ ಹೇಳದೆ ಯಾವ ಗಿಡದ ಬಗ್ಗೆಯೂ ಬರೆಯುವ ಹಾಗಿಲ್ಲ. ಹೌದು, ಕಡಲಹುಲ್ಲು ತಳದ ಮಣ್ಣಲ್ಲಿ ಇಂಗಾಲ ಹೂತಿಡುತ್ತದೆ, ಬಹಳ ಕಾಲ. ಸರಿ. ಆದರೆ ಕದ್ಮತ್‌ನಲ್ಲಿ ನಿಂತವನಿಗೆ ಅದಕ್ಕಿಂತ ಹತ್ತಿರದ ಮಾತು ಮರಳು. ಇಡೀ ದ್ವೀಪ ಕಡಲಿಗಿಂತ ಒಂದೆರಡು ಆಳು ಎತ್ತರ ಇದ್ದರೆ ಹೆಚ್ಚು. ಹುಲ್ಲಿನ ಎಲೆ ನೀರಿನ ವೇಗ ತಗ್ಗಿಸುತ್ತದೆ, ಕಾಂಡ ಮರಳನ್ನು ಹೆಣೆದು ಹಿಡಿಯುತ್ತದೆ. ಹೊರಗೆ ಹವಳದ ದಿಬ್ಬವೂ 1998, 2010, 2016, 2024ರಲ್ಲಿ ಬಿಸಿನೀರಿಗೆ ಬಿಳಿಚಿ ಏಟು ತಿಂದಿದೆ. ಹೊರಗಿನ ಕೋಟೆಯೂ ಒಳಗಿನ ಚಾಪೆಯೂ ಒಟ್ಟಿಗೆ ಸವೆಯುತ್ತಿವೆ.

ಹಾಗಾದರೆ ಆಮೆ ಕೊಲ್ಲಬೇಕಾ ಅಂತ ನನ್ನ ಗೆಳೆಯನೊಬ್ಬ ಕೇಳಿದ. ಅಯ್ಯೋ ಅಲ್ಲ. ಆಮೆ ಉಳಿದದ್ದು ನಾವು ಅಪರೂಪಕ್ಕೆ ಮಾಡಿದ ಒಳ್ಳೆ ಕೆಲಸ. ನನ್ನ ತಕರಾರು ಬೇರೆ. ನಾವು ಪ್ರೀತಿಸುವುದು ಕಣ್ಣಿರುವ ಪ್ರಾಣಿಗಳನ್ನು ಮಾತ್ರ. ಅವು ಏನು ತಿನ್ನುತ್ತವೆ ಅಂತ ಕೇಳುವುದಿಲ್ಲ. ತಮಿಳುನಾಡು 2022ರಲ್ಲಿ ಪಾಕ್ ಕೊಲ್ಲಿಯಲ್ಲಿ 448 ಚದರ ಕಿಲೋಮೀಟರ್ ಕಡಲನ್ನು ಮೀಸಲಾಗಿ ಘೋಷಿಸಿತು, ಅಲ್ಲಿನ ಹುಲ್ಲುಗಾವಲು ಅದರೊಳಗೆ ಬಂತು. ಆದರೆ ಹೆಸರು ಹುಲ್ಲಿನದ್ದಲ್ಲ, ಅದನ್ನು ಮೇಯುವ ಕಡಲಹಸುವಿನದ್ದು, ಅಂದರೆ ಡುಗಾಂಗ್ ಎಂಬ ಪ್ರಾಣಿಯದ್ದು. ಹಸು ಇದ್ದರೆ ಬೋರ್ಡಿನಲ್ಲಿ ಚಿತ್ರ ಬರೆಯಬಹುದು. ಹುಲ್ಲಿನ ಚಿತ್ರ ನೋಡಲು ಯಾರು ನಿಲ್ಲುತ್ತಾರೆ? ನಾನೇ ನಿಲ್ಲುತ್ತಿರಲಿಲ್ಲ. ಬಿಳಿ ಮರಳು ನೋಡಿ ಚಂದ ಅಂದವನು ನಾನೇ ಅಲ್ವಾ.

ಕೊನೆಯ ದಿನ ಹಡಗಿಗೆ ಇನ್ನೂ ಹೊತ್ತಿತ್ತು. ಜೆಟ್ಟಿಯ ಹತ್ತಿರ ತೆಂಗಿನ ನೆರಳಲ್ಲಿ ಕಾಕಾ ಬಲೆ ಹರಡಿಕೊಂಡು ಕೂತಿದ್ದರು. ಕಿಸೆಯಿಂದ ಆ ಕಡ್ಡಿ ತೆಗೆದು ತೋರಿಸಿದೆ. ನೋಡಿದ ಕೂಡಲೇ ಗುರುತು ಹಿಡಿದರು. ಇದರ ಮೇಲಿನ ಗೆರೆ ಎಣಿಸಿದರೆ ವಯಸ್ಸು ಹೇಳಬಹುದಂತೆ, ನಿಮ್ಮ ದ್ವೀಪದಲ್ಲೇ ಒಬ್ಬ ಹುಡುಗ ನಿನ್ನೆ ಹೇಳಿದ ಅಂದೆ. ಎಷ್ಟು ದಿನಕ್ಕೊಂದು ಗೆರೆ ಅಂತ ಕೇಳಿದರು. ಹತ್ತು ದಿನ ಅಂದೆ. ಎಡಗೈಯಲ್ಲಿ ಕಡ್ಡಿ ಹಿಡಿದು, ಬಲಗೈಯ ಹೆಬ್ಬೆರಳ ಉಗುರನ್ನು ಗೆರೆಯಿಂದ ಗೆರೆಗೆ ಸರಿಸುತ್ತಾ, ತಸ್ಬಿಯ ಜಪಮಣಿ ಎಣಿಸುವ ಹಾಗೆ ಬಾಯಲ್ಲೇ ಎಣಿಸತೊಡಗಿದರು. ಬುಡದ ಕಡೆ ಗೆರೆಗಳು ಅಗಲ ಅಗಲ. ತುದಿಗೆ ಬರುತ್ತಾ ಒಂದರ ಮೇಲೊಂದು ಏರಿ ಕೂತಿದ್ದವು, ಉಗುರು ನಿಲ್ಲುತ್ತಲೇ ಇರಲಿಲ್ಲ. ಅಲ್ಲಿ ಅವರು ತಡೆದು ತಡೆದು ಎಣಿಸಿದರು.

ಎಪ್ಪತ್ತೊಂಬತ್ತು ಅಂದರು. ನನ್ನ ಲೆಕ್ಕಕ್ಕೆ ಎಂಬತ್ತಮೂರು ಬಂದಿತ್ತು.

"ತುದಿಯಲ್ಲಿ ತಪ್ಪಿತು" ಅಂದು, ಕನ್ನಡಕ ತರಲು ಮೊಮ್ಮಗನನ್ನು ಮನೆಗೆ ಓಡಿಸಿದರು.